ಶಾಖೆಗಳ ವಿಪಿಎನ್: ನಿಯಮ ಒಂದೇ ಕಡೆ, ಜಾರಿ ಎಲ್ಲ ಕಡೆ

ಸಹಕಾರಿ ಸಂಘವೊಂದರ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಶಾಖೆಗಳಿಗೆ ವಿಪಿಎನ್ (ಎಲ್ಲರೂ ಬಳಸುವ ಜಾಲದೊಳಗೇ ಒಂದು ಸಂಸ್ಥೆಗೆ ಮೀಸಲಾದ ಖಾಸಗಿ ಜಾಲ) ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲ ಶಾಖೆಗೂ ಲೀಸ್ಡ್ ಲೈನ್, ಅಂದರೆ ಅವರಿಗೆಂದೇ ಮೀಸಲಾದ ಸಂಪರ್ಕ, ಎಳೆಸುವುದು ಅವರಿಗೆ ಕೈಗೆಟುಕುವ ಮಾತಲ್ಲ. ಮನೆಗಳಿಗೆ ಹೋಗುವ ಅದೇ ಫೈಬರ್, ಹೆಸರು, ಪಾಸ್‌ವರ್ಡ್ ಕೊಟ್ಟು ಸಂಪರ್ಕ ಪಡೆಯುವ ಅದೇ ಪಿಪಿಪಿಒಇ ಲಾಗಿನ್. ಸಂಘದ ಟ್ರಾಫಿಕ್ ಮಾತ್ರ ಪೂರ್ತಿ ಬೇರೆಯಾಗಿರಬೇಕು.

ಒಂದೊಂದು ಶಾಖೆಗೂ ಬಿಎನ್‌ಜಿ ರೌಟರ್‌ನಲ್ಲಿ (ಗ್ರಾಹಕರ ಲಾಗಿನ್‌ಗಳೆಲ್ಲ ಬಂದು ಸೇರುವ ರೌಟರ್) ವಿಆರ್‌ಎಫ್ (ರೌಟರ್‌ನೊಳಗೆ ಬೇರೆಯಾಗಿಟ್ಟ ದಾರಿಪಟ್ಟಿ), ಸ್ಪೀಡ್, ಫಿಲ್ಟರ್ ಅಂತ ಕೈಯಾರೆ ಬರೆಯುತ್ತ ಹೋದರೆ, ಶಾಖೆ ಬೇರೆ ಕಟ್ಟಡಕ್ಕೆ ಹೋದ ದಿನ ಎಲ್ಲ ಮೊದಲಿಂದ. ಹಾಗಾಗಿ ಯಾರಿಗೆ ಏನು ಸಿಗಬೇಕು ಎಂಬ ತೀರ್ಮಾನವನ್ನು ಲಾಗಿನ್ ಪರಿಶೀಲಿಸಿ ಒಪ್ಪಿಗೆ ಕೊಡುವ ರೇಡಿಯಸ್ ಸರ್ವರ್‌ನಲ್ಲಿಟ್ಟೆ. ಶಾಖೆ, ಎಟಿಎಂ, ಕೇಂದ್ರ ಕಚೇರಿ ಎಂದು ಮೂರು ಪಾಲಿಸಿ. ಲಾಗಿನ್ ಬಂದೊಡನೆ ಸರ್ವರ್ ತನ್ನ ಒಪ್ಪಿಗೆಯ ಉತ್ತರದಲ್ಲೇ ವಿಆರ್‌ಎಫ್ ಹೆಸರು, ಐಪಿ ಪೂಲ್ (ವಿಳಾಸ ಹಂಚುವ ಗುಂಪು), ಸ್ಪೀಡ್ ಪ್ರೊಫೈಲ್ ಮೂರನ್ನೂ ಕಳಿಸುತ್ತದೆ. ಬಿಎನ್‌ಜಿ ಅದನ್ನು ಜಾರಿ ಮಾಡುತ್ತದೆ, ಅಷ್ಟೇ.

ಹೆಚ್ಚು ತಲೆ ಕೆಡಿಸಿದ್ದು ಎಟಿಎಂಗಳು. ಅವು ಕೇಂದ್ರ ಕಚೇರಿಯ ಜೊತೆ ಮಾತ್ರ ಮಾತಾಡಬೇಕು, ತಮ್ಮತಮ್ಮಲ್ಲಿ ಕೂಡದು. ಎಟಿಎಂ ವಿಆರ್‌ಎಫ್ ಕಚೇರಿಯ ರೂಟ್ ಟಾರ್ಗೆಟ್ (ಯಾವ ದಾರಿ ಯಾವ ವಿಆರ್‌ಎಫ್‌ಗೆ ಸೇರಬೇಕೆಂದು ಹೇಳುವ ಗುರುತು) ಒಂದನ್ನೇ ಇಂಪೋರ್ಟ್ ಮಾಡಿದರೆ ಸಾಕೆಂದು ಬಹಳ ಜನ ಹೇಳುತ್ತಾರೆ. ಸಾಲದು. ಒಂದೇ ಬಿಎನ್‌ಜಿಗೆ ಎರಡು ಎಟಿಎಂ ಬಂದರೆ ಎರಡೂ ಅಲ್ಲಿ ಒಂದೇ ವಿಆರ್‌ಎಫ್‌ನಲ್ಲಿರುತ್ತವೆ. ಪ್ಯಾಕೆಟ್ ಕಚೇರಿವರೆಗೆ ಹೋಗದೆ ಅಲ್ಲೇ ತಿರುಗಿ ಪಕ್ಕದ ಎಟಿಎಂ ಸೇರುತ್ತದೆ. ಅದಕ್ಕೇ ಎಟಿಎಂ ಪಾಲಿಸಿಯೊಳಗೆ ಫಿಲ್ಟರ್ ಹೆಸರನ್ನೂ ಸೇರಿಸಿದೆ. ಇನ್ನು ಮುಂದೆ ಎಲ್ಲಿ ಹೊಸ ಎಟಿಎಂ ಬಂದರೂ ಆ ತಡೆ ಲಾಗಿನ್ ಜೊತೆಯೇ ಬರುತ್ತದೆ.

ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸುವ ಒತ್ತಡಕ್ಕೆ ಶಾಖೆಗಳಿಗೆ ಸ್ಪೀಡ್ ಹೆಚ್ಚು ಬೇಕು. ಇಲ್ಲಿ ಕೈಹಿಡಿದದ್ದು ಆರ್‌ಎಫ್‌ಸಿ 5176 ಎಂಬ ಇಂಟರ್ನೆಟ್ ದಾಖಲೆಯ ಸಿಒಎ, ಅಂದರೆ ಕೊಟ್ಟ ಅನುಮತಿಯನ್ನು ನಡುವೆಯೇ ಬದಲಿಸುವ ಸಂದೇಶ. ಸರ್ವರ್‌ನಿಂದ ಬಿಎನ್‌ಜಿಯ ಯುಡಿಪಿ 3799 ಪೋರ್ಟ್‌ಗೆ ಒಂದು ಸಂದೇಶ ಹೋದರೆ, ನಡೆಯುತ್ತಿರುವ ಸೆಷನ್ ಕಡಿಯದೆ ಪ್ರೊಫೈಲ್ ಬದಲಾಗುತ್ತದೆ. ಕೌಂಟರ್‌ನಲ್ಲಿ ಹಣ ಎಣಿಸುತ್ತಿರುವವರಿಗೆ ಗೊತ್ತೂ ಆಗುವುದಿಲ್ಲ. ಈ ಪೋರ್ಟ್ ಮಾತ್ರ ರೇಡಿಯಸ್ ಸರ್ವರ್‌ಗಳ ವಿಳಾಸಕ್ಕಷ್ಟೇ ತೆರೆದಿರಲಿ.

ಪಿಪಿಪಿಒಇ ಬಂದಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಬೈಟ್, ಟಿಸಿಪಿ ಎಂಎಸ್‌ಎಸ್ (ಅದರೊಳಗೆ ಹಿಡಿಸುವ ಮಾಹಿತಿ) 1452. ಇಲ್ಲಿರುವ ಎಂಪಿಎಲ್‌ಎಸ್ ವಿಪಿಎನ್ (ಪ್ಯಾಕೆಟ್‌ಗೆ ಲೇಬಲ್ ಹಚ್ಚಿ ಸಾಗಿಸುವ ಬಗೆ) ಟ್ರಾಫಿಕ್ ಬೇರ್ಪಡಿಸುತ್ತದೆಯೇ ಹೊರತು ಎನ್‌ಕ್ರಿಪ್ಟ್ ಮಾಡುವುದಿಲ್ಲ, ಅಂದರೆ ಗುಪ್ತವಾಗಿಸುವುದಿಲ್ಲ. ಹಣದ ವ್ಯವಹಾರವಾದ್ದರಿಂದ ಮೇಲೆ ಎನ್‌ಕ್ರಿಪ್ಟ್ ಮಾಡುವ ಐಪಿಸೆಕ್ ಹಾಕಲೇಬೇಕೆಂದು ಪಟ್ಟು ಹಿಡಿದೆ; ಅದೂ ಪ್ಯಾಕೆಟ್‌ನಲ್ಲಿ ಜಾಗ ತಿನ್ನುವುದರಿಂದ ಎಂಎಸ್‌ಎಸ್ ಇನ್ನೂ ಇಳಿಸಬೇಕಾಯಿತು.

ತೀರ್ಮಾನವೆಲ್ಲ ಒಂದೇ ಕಡೆ ಇದ್ದ ಮೇಲೆ ಆ ಸರ್ವರ್ ಬಿದ್ದರೆ ಹೊಸ ಲಾಗಿನ್ ಯಾವುದೂ ಆಗದು. ಅದಕ್ಕೇ ಎರಡನೆಯ ರೇಡಿಯಸ್ ಸರ್ವರನ್ನು ಬೇರೆ ಊರಿನಲ್ಲಿಟ್ಟು, ಮೊದಲನೆಯದನ್ನು ಬೇಕಂತಲೇ ನಿಲ್ಲಿಸಿ, ಎಟಿಎಂ ಸರಿಯಾದ ವಿಆರ್‌ಎಫ್‌ಗೇ ಹೋಗುತ್ತದೆಂದು ನೋಡಿದ ಮೇಲೆಯೇ ಸಂಘಕ್ಕೆ ಹಸ್ತಾಂತರಿಸಿದೆ.