ಬೋರ್ ಮೋಟಾರ್ ಎತ್ತಿಸುವ ಮುಂಚೆ ಕೈ ಮೆಗ್ಗರ್ ಹಾಕಿ ನೋಡಿ

ಬೋರ್ ಮೋಟಾರ್ ನಿಂತ ಕೂಡಲೇ ಎಲ್ಲರೂ ಕೇಳುವುದು ಒಂದೇ, "ಮೇಲೆತ್ತಿಸಬೇಕಾ?" 600 ಅಡಿಯಿಂದ ಪೈಪ್ ಎತ್ತಿಸಿ ಮತ್ತೆ ಇಳಿಸುವುದೆಂದರೆ ಗಾಡಿ, ಆಳು, ಒಂದಿಡೀ ದಿನದ ಕೆಲಸ. ಅದಕ್ಕೂ ಮುಂಚೆ ಹತ್ತು ನಿಮಿಷ ಮೆಗ್ಗರ್ ಹಾಕಿ ನೋಡಿ. ಮೆಗ್ಗರ್ ಅಂದರೆ ಕೇಬಲ್, ವೈಂಡಿಂಗ್‌ಗಳ ಇನ್ಸುಲೇಷನ್ ಗಟ್ಟಿಯಿದೆಯಾ, ಕರೆಂಟ್ ಎಲ್ಲಾದರೂ ಸೋರುತ್ತಿದೆಯಾ ಎಂದು ತೋರಿಸುವ ಮೀಟರ್. ಶಿರಾ ಕಡೆ ಮೋಟಾರ್ ವೈಂಡಿಂಗ್ ಮಾಡುವ ನನ್ನ ಬ್ಯಾಗಿನಲ್ಲಿ ಇವತ್ತಿಗೂ ಅಪ್ಪನ ಕಾಲದ 500 ವೋಲ್ಟ್ ಕೈ ಮೆಗ್ಗರ್ ಇದೆ. ಕರಿ ಬೇಕಲೈಟ್ ಪೆಟ್ಟಿಗೆ, ಪಕ್ಕದಲ್ಲಿ ಮಡಚುವ ಹಿಡಿ. ಒಳಗೆ ಪುಟ್ಟ ಡೈನಮೋ. ಸೆಲ್ ಬೇಡ, ಚಾರ್ಜ್ ಬೇಡ.

ಮೆಗ್ಗರ್ ಅನ್ನುವುದು ಇಂಗ್ಲೆಂಡಿನ ಎವರ್‌ಶೆಡ್ ಅಂಡ್ ವಿಗ್ನೋಲ್ಸ್ ಕಂಪನಿ 1903ರಲ್ಲಿ ನೋಂದಾಯಿಸಿದ ಹೆಸರು. ನಮ್ಮಲ್ಲಿ ಯಾರು ಮಾಡಿದ ಪೆಟ್ಟಿಗೆಯಾದರೂ ಅದು ಮೆಗ್ಗರೇ.

ಹಳೆಯದನ್ನು ಕೊಳ್ಳುವಾಗ ಒಂದು ವಿಷಯ ಗೊತ್ತಿರಲಿ. ಹಿಡಿ ತಿರುಗಿಸದೆ ಇದ್ದಾಗ ಇದರ ಮುಳ್ಳು ಎಲ್ಲಿ ಬೇಕಾದರೂ ನಿಂತಿರುತ್ತದೆ. ಒಮ್ಮೆ ನಡುವೆ, ಒಮ್ಮೆ ತುದಿಯಲ್ಲಿ. ಮುಳ್ಳನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗೇ ಇದರಲ್ಲಿ ಇಲ್ಲ. ಇದು ಗೊತ್ತಿಲ್ಲದೆ ಒಳ್ಳೆಯ ಮೆಗ್ಗರ್‌ಗಳನ್ನು ಕೆಟ್ಟಿದೆ ಎಂದು ಗುಜರಿಗೆ ಹಾಕುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಸಮತಟ್ಟಾದ ಜಾಗದಲ್ಲಿಟ್ಟು, ವೈರ್ ತುದಿಗಳನ್ನು ಬಿಡಿಯಾಗಿಟ್ಟು ತಿರುಗಿಸಿ. ಮುಳ್ಳು ಅನಂತದ ಗುರುತಿಗೆ ಹೋಗಬೇಕು. ಎರಡೂ ತುದಿ ಮುಟ್ಟಿಸಿ ಮೆಲ್ಲಗೆ ತಿರುಗಿಸಿದರೆ ಸೊನ್ನೆಗೆ ಬರಬೇಕು. ಎರಡೂ ಸರಿಯಿದ್ದರೆ ಧೈರ್ಯವಾಗಿ ತನ್ನಿ.

ಈಗ ತೋಟಕ್ಕೆ ಬರೋಣ. ಮೇನ್ ಆಫ್ ಮಾಡಿ, ಮೂರೂ ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ. ಕರೆಂಟ್ ಇಲ್ಲ ಅನ್ನುವುದಕ್ಕೆ ನಿಯಾನ್ ಟೆಸ್ಟರ್ ಒಂದನ್ನೇ ನಂಬಬೇಡಿ. ಬಿಸಿಲಿನಲ್ಲಿ ಅದರ ಬೆಳಕು ಕಾಣುವುದೇ ಇಲ್ಲ. ನನ್ನದು ಟೆಸ್ಟ್ ಲ್ಯಾಂಪ್: ಒಂದೇ ವ್ಯಾಟ್‌ನ ಎರಡು ಬಲ್ಬ್, ಸೀರೀಸ್‌ನಲ್ಲಿ. ಎರಡು ಫೇಸ್ ನಡುವೆ 415 ವೋಲ್ಟ್ ಇರುತ್ತದೆ, ಒಂದೇ ಬಲ್ಬ್ ಆದರೆ ಸುಟ್ಟು ಹೋಗುತ್ತದೆ. ಮೊದಲು ಕರೆಂಟ್ ಇರುವ ಕಡೆ ಹಚ್ಚಿ ನೋಡಿ, ಆಮೇಲೆ ಸ್ಟಾರ್ಟರ್‌ನಲ್ಲಿ, ಮತ್ತೆ ಕರೆಂಟ್ ಇರುವ ಕಡೆ. ನಡುವೆ ಬಲ್ಬೇ ಹೋಗಿಲ್ಲ ಎಂದು ಆಗ ಖಾತ್ರಿಯಾಗುತ್ತದೆ.

ಮೋಟಾರ್ ಕೇಬಲನ್ನು ಸ್ಟಾರ್ಟರ್‌ನಿಂದ ಪೂರ್ತಿ ಬಿಚ್ಚಿ. ಆಟೋ ಸ್ವಿಚ್, ಟೈಮರ್ ಸೇರಿದ್ದಾಗಲೇ 500 ವೋಲ್ಟ್ ಕೊಟ್ಟರೆ ಅವು ಹಾಳಾಗುತ್ತವೆ.

ಮೆಗ್ಗರ್‌ನ ಅರ್ಥ್ ವೈರನ್ನು ಜಿಐ ಪೈಪಿಗೆ ಹಾಕಿ. ತುಕ್ಕನ್ನು ಅರದಿಂದ ಉಜ್ಜಿ ಬಿಳಿ ಲೋಹ ಕಾಣಿಸಬೇಕು. ಪೈಪ್ ಪ್ಲಾಸ್ಟಿಕ್ಕಿನದಾದರೆ ಅರ್ಥ್ ಗುಂಡಿಯ ಪೈಪಿಗೆ ಹಾಕಿ. ಲೈನ್ ವೈರನ್ನು ಕೇಬಲ್‌ನ ಒಂದು ತಾಮ್ರಕ್ಕೆ ಹಾಕಿ, ತುದಿಗಳಿಂದ ಕೈ ತೆಗೆಯಿರಿ. ಈಗ ತಿರುಗಿಸಿ. ನನ್ನದಕ್ಕೆ ನಿಮಿಷಕ್ಕೆ 160 ಸುತ್ತು, ಅಂದರೆ ಸೆಕೆಂಡಿಗೆ ಎರಡೂವರೆ ಸುತ್ತಿಗಿಂತ ಚೂರು ಜಾಸ್ತಿ. ಸರಿಯಾದ ವೇಗ ಬಂದಾಗ ಕ್ಲಚ್ ಜಾರುವುದು ಅಂಗೈಗೆ ಗೊತ್ತಾಗುತ್ತದೆ. ಉದ್ದದ ಕೇಬಲ್ ಆದ್ದರಿಂದ ಮುಳ್ಳು ಮೊದಲು ಸೊನ್ನೆಯ ಕಡೆಗೆ ಬೀಳುತ್ತದೆ. ಗಾಬರಿ ಬೇಡ. ಕೇಬಲ್ ಚಾರ್ಜ್ ಆದ ಹಾಗೆ ಮುಳ್ಳು ನಿಧಾನಕ್ಕೆ ಮೇಲೇರುತ್ತದೆ. ಒಂದು ನಿಮಿಷ ಕೈ ನಿಲ್ಲಿಸದೆ ತಿರುಗಿಸಿ, ತಿರುಗಿಸುತ್ತಲೇ ಓದಿ.

ನಿಲ್ಲಿಸಿದ ಮೇಲೆ ಆ ತಾಮ್ರವನ್ನು ಪೈಪಿಗೆ ಮುಟ್ಟಿಸಿ ಚಾರ್ಜ್ ಇಳಿಸಿ. ಮರೆತು ಕೈ ಹಾಕಿದರೆ ಜೋರಾಗಿ ಹೊಡೆಯುತ್ತದೆ.

ಹತ್ತಿಪ್ಪತ್ತು ಮೆಗ್ (ಮೆಗಾಓಮ್, ಒಂದು ಮೆಗ್ ಅಂದರೆ ಹತ್ತು ಲಕ್ಷ ಓಮ್) ತೋರಿಸಿದರೆ ನನಗೆ ನೆಮ್ಮದಿ. ಒಂದು ಮೆಗ್‌ಗಿಂತ ಕೆಳಗೆ ಬಂದರೆ ಎಲ್ಲೋ ನೀರು ಸೇರಿದೆ. ಸೊನ್ನೆಯಲ್ಲೇ ಕೂತರೆ ಬಾಡಿ ಅರ್ಥ್, ಅಂದರೆ ಒಳಗಿನ ತಾಮ್ರ ಎಲ್ಲೋ ಮೋಟಾರ್ ಮೈಗೋ ನೆಲಕ್ಕೋ ತಗುಲಿದೆ. ಆದರೆ ಅಷ್ಟಕ್ಕೇ ಮೋಟಾರ್ ಸುಟ್ಟಿದೆ ಎನ್ನಬೇಡಿ! ಮೊದಲು ಬೋರಿನ ಬಾಯಿ ಹತ್ತಿರದ ಜಾಯಿಂಟ್ ಬಿಚ್ಚಿ, ಮೇಲಿನ ಕೇಬಲ್ ಬೇರೆ, ಕೆಳಗಿನದು ಬೇರೆ ನೋಡಿ. ನಮ್ಮ ಪಕ್ಕದೂರಲ್ಲಿ ಒಬ್ಬರಿಗೆ ಯಾರೋ ಮೋಟಾರ್ ಹೋಗಿದೆ ಎಂದು ಹೇಳಿ ಗಾಡಿಯನ್ನೂ ಕರೆಸಿದ್ದರು. ಜಾಯಿಂಟ್ ಬಿಚ್ಚಿ ಕೆಳಗಿನ ಕೇಬಲ್‌ಗೆ ಮೆಗ್ಗರ್ ಹಾಕಿದರೆ ಹದಿನೈದು ಮೆಗ್. ಮೇಲಿನದು ಸೊನ್ನೆ. ಮಣ್ಣಿನಡಿ ಇಲಿ ಕಡಿದಿತ್ತು. ಎಂಟು ಮೀಟರ್ ಕೇಬಲ್ ಬದಲಾಯಿಸಿದೆವು, ಸಂಜೆಗೆ ನೀರು ಬಂತು.

ಕೊನೆಗೆ ಮೋಟಾರಿನ ಮೂರು ವೈರ್‌ಗಳಲ್ಲಿ ಎರಡೆರಡನ್ನು ಸೇರಿಸಿ ಮೆಲ್ಲಗೆ ತಿರುಗಿಸಿ. ಇಲ್ಲಿ ಮಾತ್ರ ಸೊನ್ನೆ ಬಂದರೆ ಒಳ್ಳೆಯದು, ವೈಂಡಿಂಗ್ ತುಂಡಾಗಿಲ್ಲ ಎಂದರ್ಥ. ಆದರೆ ವೈಂಡಿಂಗ್ ಒಳಗೇ ಸುತ್ತಿಗೆ ಸುತ್ತು ತಗುಲಿದ್ದರೆ ಮೆಗ್ಗರ್ ಹೇಳುವುದಿಲ್ಲ. ಅದಕ್ಕೆ ಓಡಿಸಿ, ಮೂರೂ ಫೇಸ್‌ನ ಆಂಪ್ಸ್ ಹೋಲಿಸಬೇಕು.

ಬಂದ ಅಂಕಿಯನ್ನು ತಾರೀಖಿನ ಜೊತೆ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಗೆ ಮಾರ್ಕರ್‌ನಲ್ಲಿ ಬರೆಯಿರಿ. ಹೋದ ವರ್ಷ ಇಪ್ಪತ್ತಿದ್ದದ್ದು ಈ ವರ್ಷ ಮೂರಕ್ಕೆ ಇಳಿದಿದ್ದರೆ, ಬೇಸಿಗೆ ಬೆಳೆ ಇಡುವ ಮುಂಚೆಯೇ ಎತ್ತಿಸಿ ನೋಡಿಬಿಡಿ.