ನಂಪೈನಲ್ಲಿ ಮ್ಯಾಟ್ರಿಕ್ಸ್ ಕಾಪಿ ಮಾಡುವುದು ಹೇಗೆ?

ಪೈಥಾನ್‌ನಲ್ಲಿ ಲೆಕ್ಕದ ಕೆಲಸ ಎಂದರೆ ನಂಪೈ (NumPy) ಎಂಬ ಲೈಬ್ರರಿ ಬೇಕೇ ಬೇಕು. ಅದರಲ್ಲಿ ಮ್ಯಾಟ್ರಿಕ್ಸ್, ಅಂದರೆ ಅಡ್ಡ-ಉದ್ದ ಸಾಲುಗಳಲ್ಲಿ ಜೋಡಿಸಿದ ಅಂಕಿಗಳನ್ನು, ಕಾಪಿ ಮಾಡುವಾಗ ಹೊಸಬರು ಎಡವುವುದು ಜಾಸ್ತಿ. ಕಂಪ್ಯೂಟರ್ ಮುಂದೆ ಕೂತು ಮಾಡುತ್ತಾ ಓದಿ. ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲು ನಂಪೈಯನ್ನು ಎನ್‌ಪಿ ಎಂಬ ಹೆಸರಿನಲ್ಲಿ ಇಂಪೋರ್ಟ್ ಮಾಡಿ. ಎನ್‌ಪಿ.ಅರೇ ಬಳಸಿ ಎರಡು ಸಾಲಿನ ಮ್ಯಾಟ್ರಿಕ್ಸ್ ಮಾಡಿ: ಮೇಲೆ 1, 2, ಕೆಳಗೆ 3, 4. ಅದರ ಹೆಸರು ಎ ಇರಲಿ.

ಈಗ ಬಿ = ಎ ಎಂದು ಬರೆದು, ಬಿ[0, 0] = 99 ಮಾಡಿ (ಎಣಿಕೆ 0ಯಿಂದ ಶುರು, ಹಾಗಾಗಿ ಇದು ಮೊದಲ ಸಾಲಿನ ಮೊದಲ ಅಂಕಿ). ನಂತರ ಎ ಪ್ರಿಂಟ್ ಮಾಡಿ. ಅಲ್ಲೂ 1 ಹೋಗಿ 99 ಬಂದಿದೆ, ಅಲ್ವಾ? ಕಾಪಿ ಆಗಿಯೇ ಇಲ್ಲ. ಒಂದೇ ಮಗುವಿಗೆ ಶಾಲೆಯಲ್ಲೊಂದು, ಮನೆಯಲ್ಲೊಂದು ಹೆಸರು ಇದ್ದ ಹಾಗೆ ಎ, ಬಿ ಎರಡೂ ಒಂದೇ ಮ್ಯಾಟ್ರಿಕ್ಸ್.

ನಿಜವಾದ ಕಾಪಿಗೆ ಬಿ = ಎನ್‌ಪಿ.ಕಾಪಿ(ಎ) ಎಂದು ಬರೆಯಿರಿ. ಬಿ = ಎ.ಕಾಪಿ() ಎಂದರೂ ನಡೆಯುತ್ತದೆ. ಇನ್ನು ಬಿ ಬದಲಿಸಿದರೆ ಎ ಹಾಗೇ ಇರುತ್ತದೆ. ಅನುಮಾನ ಬಂದರೆ ಎನ್‌ಪಿ.ಶೇರ್ಸ್_ಮೆಮೊರಿ(ಎ, ಬಿ) ಕೇಳಿ ನೋಡಿ. ಫಾಲ್ಸ್ ಬಂದರೆ ಎರಡೂ ಬೇರೆ ಬೇರೆ ಜಾಗದಲ್ಲಿವೆ.

ಹೆಚ್ಚು ಎಚ್ಚರ ಬೇಕಿರುವುದು ಒಂದು ಭಾಗವನ್ನಷ್ಟೇ ತೆಗೆಯುವಾಗ. ಸಿ = ಎ[0] ಎಂದರೆ ಮೊದಲ ಸಾಲು ಸಿಗುತ್ತದೆ. ಅದು ಹೊಸ ಅರೇ (ಅಂಕಿಗಳ ಜೋಡಣೆ) ಥರ ಕಂಡರೂ ಒಳಗಿನ ಅಂಕಿಗಳು ಎ-ಯವೇ. ನಂಪೈ ಇದನ್ನು ವ್ಯೂ ಎನ್ನುತ್ತದೆ. ಸಿ-ಯಲ್ಲಿ ಏನೇ ತಿದ್ದಿದರೂ ಎ-ಯಲ್ಲೂ ಬದಲಾಗುತ್ತದೆ. ಮೆಮೊರಿಗೂ ಇದರಿಂದ ಹೊರೆ: 64 ಬಿಟ್ ದಶಮಾಂಶ ಸಂಖ್ಯೆಗಳ 10,000 × 10,000 ಮ್ಯಾಟ್ರಿಕ್ಸ್‌ಗೆ 800 ಎಂಬಿ ಬೇಕು. ಅದರ ಒಂದೇ ಸಾಲನ್ನು ವ್ಯೂ ಆಗಿ ಇಟ್ಟುಕೊಂಡರೂ ಅಷ್ಟೂ ಮೆಮೊರಿ ಬಿಡುಗಡೆಯಾಗುವುದಿಲ್ಲ. ಎ[0].ಕಾಪಿ() ಮಾಡಿಕೊಂಡು ದೊಡ್ಡದನ್ನು ಡಿಲೀಟ್ ಮಾಡಿ.

ಹಾಗೆಂದು ಕಂಡಕಂಡಲ್ಲಿ ಕಾಪಿ ಬೇಡ. ಸುಮ್ನೆ ಓದುವುದಕ್ಕಾದರೆ ವ್ಯೂ ಸಾಕು, ವೇಗವೂ ಹೆಚ್ಚು. ಲೂಪ್ ಒಳಗೆ ಪದೇ ಪದೇ ಕಾಪಿ ಬೇಕಿದ್ದರೆ ಅದೇ ಅಳತೆಯ ಬಿ-ಯನ್ನು ಮೊದಲೇ ಮಾಡಿಟ್ಟು, ಎನ್‌ಪಿ.ಕಾಪಿಟು(ಬಿ, ಎ) ಬಳಸಿ. ಪ್ರತಿ ಸಲ ಹೊಸ ಜಾಗ ಹುಡುಕುವ ಕೆಲಸ ಉಳಿಯುತ್ತದೆ. ಎಲ್ಲಿಗೆ ಎಂಬುದು ಮೊದಲು, ಎಲ್ಲಿಂದ ಎಂಬುದು ಆಮೇಲೆ. ಅದಲುಬದಲಾದರೆ ಮೂಲವೇ ಅಳಿಸಿಹೋಗುತ್ತದೆ.