ಪ್ರಸಾದ ಬಂದಾಗ, ಕುಸ್ವಾರ್ ಹೋಗುವಾಗ

ಪಕ್ಕದ ಮನೆಯವರು ಚೌತಿಯ ಪಂಚಕಜ್ಜಾಯ ಹಿಡಿದು ಬಾಗಿಲಲ್ಲಿ ನಿಂತಾಗ ಕ್ರೈಸ್ತರಾದ ನಾವು ಯೋಚಿಸುತ್ತಾ ಕೂರಲು ಆಗುವುದಿಲ್ಲ. ತಿನ್ನುತ್ತೇವೋ ಇಲ್ಲವೋ ಎಂದು ಮನೆಯವರೆಲ್ಲ ಮೊದಲೇ ಮಾತಾಡಿಕೊಂಡಿರಬೇಕು. ಬೈಬಲಿನಲ್ಲಿ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯದಲ್ಲಿ ಪೌಲನು, ಊಟಕ್ಕೆ ಕರೆದರೆ ಬಡಿಸಿದ್ದನ್ನು ಪ್ರಶ್ನೆ ಮಾಡದೆ ಉಣ್ಣಿರಿ ಎನ್ನುತ್ತಾನೆ. ಇದು ದೇವರಿಗೆ ಅರ್ಪಿಸಿದ್ದೆಂದು ಯಾರಾದರೂ ಹೇಳಿದರೆ ಬೇಡ ಎನ್ನುತ್ತಾನೆ. ಕರಾವಳಿಯ ಕ್ರೈಸ್ತರಲ್ಲಿ ಪ್ರಸಾದ ತಿನ್ನುವವರೂ ಇದ್ದಾರೆ, ತಿನ್ನದವರೂ ಇದ್ದಾರೆ. ನಮ್ಮಲ್ಲಿ ತಿನ್ನುವುದಿಲ್ಲ.

ತಿನ್ನದವರು ಅದನ್ನು ಬಾಗಿಲಲ್ಲೇ ಹೇಳುವುದು ಒಳ್ಳೆಯದು. “ಅಕ್ಕ, ದೇವರಿಗಿಟ್ಟದ್ದನ್ನು ನಾವು ತಿನ್ನುವುದಿಲ್ಲ, ಬೇಸರ ಮಾಡ್ಬೇಡಿ. ಒಳಗೆ ಬನ್ನಿ, ಚಹಾ ಕುಡ್ದು ಹೋಗಿ.” ಚಹಾದ ಮಾತು ಬಿಟ್ಟರೆ ಮೊದಲಿನದು ಮುಖಕ್ಕೆ ಹೊಡೆದಂತೆ ಕೇಳುತ್ತದೆ. ನಗುತ್ತಾ ತೆಗೆದುಕೊಂಡು ಕಸದ ಬುಟ್ಟಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಕಸ ಒಯ್ಯುವ ಗಾಡಿ ಎಲ್ಲರ ಗೇಟಿನ ಮುಂದೆಯೂ ನಿಲ್ಲುತ್ತದೆ. “ಶುಗರ್ ಉಂಟು” ಎಂಬ ಸುಳ್ಳೂ ಬೇಡ. ಮುಂದಿನ ತಿಂಗಳು ಅವರ ಮನೆಯ ಮದುವೆಯಲ್ಲಿ ಹೋಳಿಗೆ ತಪ್ಪಿಹೋಗುತ್ತದೆ! ನೇರವಾಗಿ ಹೇಳಿದರೆ ಕೆಲವರು ಮುಂದಿನ ಸಲ ನೈವೇದ್ಯಕ್ಕಿಡದ ಚಕ್ಕುಲಿ ತಂದುಕೊಡುತ್ತಾರೆ. ಅದನ್ನು ನಾವಾಗಿ ಕೇಳುವಂತಿಲ್ಲ.

ಸತ್ಯನಾರಾಯಣ ಪೂಜೆಗೆ ಕರೆದರೆ ಹೋಗುತ್ತೇವೆ. ಕೂರುವುದು ಹಿಂದಿನ ಸಾಲಿನ ತುದಿಯಲ್ಲಿ, ಮೊಬೈಲ್ ಜೇಬಿನಲ್ಲಿ. ಮಂಗಳಾರತಿಗೆ ಎಲ್ಲರೂ ಎದ್ದಾಗ ಏಳುತ್ತೇವೆ. ಆರತಿ ತಟ್ಟೆ ಹತ್ತಿರ ಬಂದರೆ ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ತಲೆಬಾಗಿದರೆ ಸಾಕು, ತಟ್ಟೆ ಮುಂದೆ ಹೋಗುತ್ತದೆ. ಅಲ್ಲಿ ವಿವರಣೆ ಕೊಡಲು ಹೊರಟರೆ ಸಾಲೇ ನಿಂತುಬಿಡುತ್ತದೆ. ಹೊರಡುವಾಗ ಕೊಡುವ ಎಲೆ ಅಡಿಕೆ, ಬಾಳೆಹಣ್ಣು ಅತಿಥಿಗೆ ಮಾಡುವ ಮರ್ಯಾದೆ, ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತೇವೆ. ಇಷ್ಟೂ ಬೇಡ ಎನ್ನುವ ಚರ್ಚಿನ ಹಿರಿಯರು ಬೈಬಲಿನ ಎರಡನೆಯ ಅರಸುಗಳ 5ನೇ ಅಧ್ಯಾಯ ಓದಬೇಕು. ಅರಸನ ಜೊತೆ ರಿಮ್ಮೋನ್ ದೇವರ ಗುಡಿಗೆ ಹೋಗಬೇಕಾಗುತ್ತದೆ ಎಂದ ಸಿರಿಯಾದ ಸೇನಾಪತಿ ನಾಮಾನನನ್ನು ಪ್ರವಾದಿ ಎಲೀಷನು ಬೈಯಲಿಲ್ಲ, ಸಮಾಧಾನದಿಂದ ಹೋಗು ಎಂದ.

ಇನ್ನು ನಾವು ಕೊಡುವ ಕಡೆ. ಕುಸ್ವಾರ್, ಅಂದರೆ ಕ್ರಿಸ್ಮಸ್ಸಿಗೆ ಮಾಡಿ ಹಂಚುವ ತಿಂಡಿಗಳ ತಟ್ಟೆಯಲ್ಲೇ ಹೆಚ್ಚು ಎಡವಟ್ಟಾಗುವುದು. ಕೇಕಿನಲ್ಲಿ ಮೊಟ್ಟೆ ಇದೆಯೆಂದು ಎಲ್ಲರಿಗೂ ಗೊತ್ತು. ರೋಸ್ ಕುಕ್ಕೀಸಿನ ಹಿಟ್ಟಿಗೂ ಸಾಮಾನ್ಯವಾಗಿ ಮೊಟ್ಟೆ ಬೀಳುತ್ತದೆ, ಸಣ್ಣ ಸುರುಳಿಯಂತೆ ಕರಿಯುವ ಕಿಡ್ಯೊ ತಿಂಡಿಯ ಹಿಟ್ಟಿಗೂ ಹಲವು ಮನೆಗಳಲ್ಲಿ ಹಾಕುತ್ತಾರೆ. ಹಾಗಾಗಿ ಸಸ್ಯಾಹಾರಿಗಳ ಪಾಲನ್ನು ಮೊದಲು ಮಾಡಿ ಮುಗಿಸಬೇಕು: ಹೊಸ ಎಣ್ಣೆ, ತೊಳೆದು ಒರೆಸಿದ ಬಾಣಲೆ, ಮೊದಲು ಚಕ್ಕುಲಿ, ಆಮೇಲೆ ಕಾಯಿ-ಎಳ್ಳು ತುಂಬಿದ ನೆವ್ರಿ. ಅವು ಆರಿದ ಮೇಲೆ ಬೇರೆ ಡಬ್ಬಿಗೆ ಹಾಕಿ ಹೆಸರು ಬರೆದ ಚೀಟಿ ಅಂಟಿಸಿಡಿ. ಅದಾದ ಮೇಲೆಯೇ ರೋಸ್ ಕುಕ್ಕೀಸಿನ ಅಚ್ಚು ಎಣ್ಣೆಗೆ ಇಳಿಯಬೇಕು. ಮುಸ್ಲಿಂ ಮನೆಗಳಿಗೆ ಹೋಗುವ ಕೇಕಿನ ಒಣಹಣ್ಣನ್ನು ರಮ್ಮಿನ ಬದಲು ಕಿತ್ತಳೆ ರಸದಲ್ಲಿ ನೆನೆಸಬೇಕು, ಫ್ರಿಜ್ಜಿನಲ್ಲಿ ಒಂದು ರಾತ್ರಿ ಸಾಕು. ಹೊರಗೆ ದಿನಗಟ್ಟಲೆ ಇಟ್ಟರೆ ರಸ ಹುಳಿಯುತ್ತದೆ, ತಪ್ಪಿಸಬೇಕೆಂದಿದ್ದ ಮದ್ಯವೇ ಅದರಲ್ಲಿ ಹುಟ್ಟಿಕೊಳ್ಳುತ್ತದೆ. ಬೇರೆ ಮನೆಯಲ್ಲಿ ಬೇಯಿಸಿದ್ದನ್ನು ತೆಗೆದುಕೊಳ್ಳದ ಹಿರಿಯ ಭಟ್ಟರಿಗೆ ಒಂದು ಚಿಪ್ಪು ಬಾಳೆಹಣ್ಣು, ಸುಲಿದ ತೆಂಗಿನಕಾಯಿ. ತಟ್ಟೆಯೊಳಗೆ ಕರಪತ್ರ ಇಡಬಾರದು. ಇಟ್ಟರೆ ತಿಂಡಿ ನೆಪವಾಗಿಬಿಡುತ್ತದೆ.

“ದೇವರು ಎಲ್ಲ ಒಂದೇ ಅಲ್ವಾ ಮಾರಾಯ್ರೆ?” ಎಂದು ಕೇಳುವವರಲ್ಲಿ ಹೆಚ್ಚಿನವರಿಗೆ ಚರ್ಚೆ ಬೇಕಿಲ್ಲ, ನಮ್ಮ ಸ್ನೇಹ ಹೀಗೇ ಇರಲಿ ಎನ್ನುವುದಷ್ಟೇ ಅವರ ಮನಸ್ಸು. ಅಲ್ಲಿ ಬೈಬಲ್ ಪಾಠ ಶುರುಮಾಡಬಾರದು, ನಂಬದ್ದನ್ನು ಒಪ್ಪಿಕೊಂಡು ಹೂಂಗುಟ್ಟಲೂಬಾರದು. “ನನ್ನ ನಂಬಿಕೆ ಬೇರೆ ಭಟ್ರೇ, ಆದ್ರೆ ನಾವು ನೆರೆಯವರು ಅಲ್ವಾ” ಎಂದರೆ ಆಯಿತು. ನಿಜವಾಗಿ ತಿಳಿಯಬೇಕೆಂದಿರುವವರು ಇನ್ನೊಂದು ದಿನ ತಾವಾಗಿಯೇ ಕೇಳುತ್ತಾರೆ. ಆಗ ಯೇಸುವಿನ ಬಗ್ಗೆ ಹೇಳಬೇಕು, ಅವರ ದೇವರ ಬಗ್ಗೆ ಅಲ್ಲ.